ಬಾಯೊಳಗೆ ಬ್ಯಾಟರಿ ಬಿಟ್ಟ ಗಿರಿಜಕ್ಕ

ಹುಟ್ಟಿದಾಗಿನಿಂದ ಎಲ್ಲರೂ ನನಗೆ ಬಾಯಿ ಮುಚ್ಚು ಎಂದೇ ಹೇಳಿದ್ದಾರೆ. ಬಾಯಿ ತೆಗೆ ಎಂದು ಬ್ಯಾಟರಿ ಹಿಡಿದು ಬೆನ್ನು ಹತ್ತಿದವರು ಗಿರಿಜಕ್ಕ ಒಬ್ಬರೇ. ರಾಣೆಬೆನ್ನೂರಿನವರು, ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ನರ್ಸು. ಹಲ್ಲು ನೋಡಿ ಎತ್ತಿನ ವಯಸ್ಸು ಹೇಳುವ ದಲಾಲನಂತೆ ದಿನಕ್ಕೆ ನಾಲ್ಕು ಸಲ ನನ್ನ ದವಡೆಯೊಳಗೆ ಇಣುಕುತ್ತಿದ್ದರು.

ನನಗೆ ರಕ್ತದ ಕ್ಯಾನ್ಸರ್. ಹೊಸ ರಕ್ತ ಹುಟ್ಟಿಸುವ ಅಣ್ಣನ ಸ್ಟೆಮ್ ಸೆಲ್ ನನಗೆ ಏರಿಸುವ ಮೊದಲು ಕೊಡುವ ಔಷಧಿ ನನ್ನ ಹಳೆಯ ಅಸ್ಥಿಮಜ್ಜೆಯನ್ನು ಸುಡುತ್ತದೆ, ಜೊತೆಗೆ ಬಾಯಿಯ ಒಳಚರ್ಮವನ್ನೂ. ಹೊಸ ಬಿಳಿರಕ್ತಕಣ ಹುಟ್ಟುವವರೆಗೆ ಮೈಗೆ ಕಾವಲಿಲ್ಲ.

"ಬಾಯಾಗ ಒಂದು ಹುಣ್ಣ ಆದ್ರ ಸೋಂಕಿಗೆ ಬಾಗಲಾ ತೆಗದಂಗ. ಒಳಗ ಹೊಕ್ಕರ ಜೀವಾನ ತಗೊಂಡು ಹೋಗತೈತಿ," ಎಂದಿದ್ದರು ಗಿರಿಜಕ್ಕ ಮೊದಲ ದಿನವೇ. ಬಾಯಿ ತಣ್ಣಗಿದ್ದರೆ ಸುಡುವುದು ಕಡಿಮೆಯೆಂದು, ಔಷಧಿ ಹನಿಯುವಷ್ಟು ಹೊತ್ತೂ ಗದ್ದಕ್ಕೆ ಬಟ್ಟಲು ಹಿಡಿಸಿ ಐಸ್ ತುಂಡು ಚೀಪಿಸಿದರು. ಉಪ್ಪು-ಸೋಡಾ ನೀರಿನಲ್ಲಿ ಮುಕ್ಕಳಿಸಿದೆನೆಂದು ನಾನು ಸುಳ್ಳು ಹೇಳಿದರೆ ಲೋಟ ಎತ್ತಿ ಅಳತೆ ನೋಡುತ್ತಿದ್ದರು. ಅವರು ಬಲಗಾಲ ಚಪ್ಪಲಿ ಎಳೆಯುತ್ತ ನಡೆಯುವುದನ್ನು ನಾನು ಅವರೆದುರೇ ಅಣಕಿಸುತ್ತಿದ್ದೆ. ನನ್ನದೋ ಬೋಳು ತಲೆ, ಎದೆಯಲ್ಲಿ ಜೋತ ಕೊಳವೆ. ಸರ್ಕಸ್ಸಿನಿಂದ ಓಡಿಬಂದ ಮಂಗನಂತೆ ಕಾಣುತ್ತಿದ್ದೆನಂತೆ.

ಸ್ಟೆಮ್ ಸೆಲ್ ಏರಿಸಿದ ಎಂಟನೆಯ ದಿನ ಬ್ಯಾಡಗಿಯಿಂದ ನಮ್ಮ ಸೋದರತ್ತೆ ಬಂದಳು. ಪೇಟೆಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸಿ ನೇರ ಬಸ್ಸು ಹತ್ತಿದ್ದಳು. ನನ್ನ ದೃಷ್ಟಿ ತೆಗೆಯಲು ಸೆರಗಿನ ಗಂಟಿನಲ್ಲಿ ಏಳು ಒಣಮೆಣಸಿನಕಾಯಿ. ಗಿರಿಜಕ್ಕ ಬಾಗಿಲಿಗೆ ಅಡ್ಡ ನಿಂತರು. ಒಣಕಾಯಿಯ ಧೂಳಿನಲ್ಲಿ ಬೂಸರು ಇರುತ್ತದೆ, ಅದು ಇವನ ಎದೆಗೆ ಹೊಕ್ಕರೆ ಮುಗಿಯಿತು ಎಂದರು. ಬ್ಯಾಡಗಿಯ ಕಾಯಿಗೆ ಬೂಸರು ಎಂದರೆ ಅತ್ತೆ ಬಿಟ್ಟಾಳೆಯೇ? ರಾಣೆಬೆನ್ನೂರಿನವರಿಗೆ ಕಾಯಿಯ ಬಗ್ಗೆ ಏನು ಗೊತ್ತೆಂದು ಗಾಜಿನಾಚೆ ಜಗಳ ಶುರುವಾಯಿತು. ನಾನು ಒಳಗಿನಿಂದ ಇಬ್ಬರ ಕೈಸನ್ನೆಯನ್ನೂ ಅಣಕಿಸುತ್ತ ಕುಳಿತಿದ್ದೆ.

ಕೊನೆಗೆ ಗಿರಿಜಕ್ಕ ಹೇಳಿದರು: "ಯಕ್ಕಾ, ಈ ಹುಡುಗನ್ನ ದಿನಾ ಮುಟ್ಟಾಕಿ ನಾನು. ದೃಷ್ಟಿ ನನಗ ತೆಗೀರಿ."

ಡ್ಯೂಟಿ ಮುಗಿದ ಮೇಲೆ ಗೇಟಿನಾಚೆ ನಿಂತು ತೆಗೆಸಿಕೊಂಡರು. ಊರಿಗೆಲ್ಲ ಸ್ವಚ್ಛತೆಯ ಪಾಠ ಹೇಳುವವರ ಕೈಲೇ ಅತ್ತೆ ಕಾಯಿಯ ಮೇಲೆ ಮೂರು ಸಲ ಉಗುಳಿಸಿದಳು. ಕಾಯಿಯ ಧೂಳು ಹೋಗಲೆಂದು ಮರುದಿನ ಗಿರಿಜಕ್ಕ ತಲೆಸ್ನಾನ ಮಾಡಿಕೊಂಡು ಬಂದಿದ್ದರು.

ಹುಣ್ಣು ಮಾತ್ರ ಬಂದೇ ಬಂತು. ಹತ್ತನೆಯ ದಿನ ಉಗುಳು ನುಂಗಿದರೆ ಗಾಜು ನುಂಗಿದಂತಾಗುತ್ತಿತ್ತು. ಮಧ್ಯಾಹ್ನ ಮೈ ನಡುಗತೊಡಗಿತು. ಹೇಳಿದರೆ ಮತ್ತೆ ಸೂಜಿ ಚುಚ್ಚುತ್ತಾರೆಂದು ಮಹಾಶೂರನಾದ ನಾನು ಹೊದ್ದು ಮಲಗಿದೆ. ಗಿರಿಜಕ್ಕ ಕೋಣೆಯಲ್ಲಿ ಎರಡು ಸುತ್ತು ಹಾಕಿ ನಿಂತರು.

"ತಮ್ಮಾ, ಮುಂಜಾನಿಂದ ನನ್ನ ಒಮ್ಮೆನೂ ಅಣಕಿಸಿಲ್ಲ. ಎಲ್ಲಿ, ಕೈ ಕೊಡು."

ಕೈ ಸುಡುತ್ತಿತ್ತು. ಅರ್ಧ ತಾಸಿನೊಳಗೆ ರಕ್ತ ಪರೀಕ್ಷೆಗೆ ಹೋಯಿತು, ಆಂಟಿಬಯೋಟಿಕ್ ಹನಿಯತೊಡಗಿತು. ಹುಣ್ಣಿನ ಸೋಂಕು ರಕ್ತಕ್ಕೆ ಇಳಿದಿತ್ತು. ಸಂಜೆಯವರೆಗೆ ಮುಚ್ಚಿಟ್ಟಿದ್ದರೆ ಉಳಿಯುತ್ತಿದ್ದೆನೋ ಇಲ್ಲವೋ ಎಂದು ಡಾಕ್ಟರು ಆಮೇಲೆ ಹೇಳಿದರು.

ಮೂರು ತಿಂಗಳ ತಪಾಸಣೆಗೆ ಹೋದಾಗ ಅವರನ್ನು ಕೊನೆಯ ಸಲ ಕಂಡೆ. ಆಮೇಲೆ ಅವರು ಬೇರೆ ಊರಿನ ಆಸ್ಪತ್ರೆಗೆ ಹೋದರಂತೆ. ಆ ತಪಾಸಣೆಯ ದಿನ ಕೃತಜ್ಞತೆಯ ಮಾತೊಂದನ್ನು ಹಾವೇರಿ ದಾಟಿದಾಗಿನಿಂದ ಬಸ್ಸಿನಲ್ಲಿ ತಾಲೀಮು ಮಾಡಿಕೊಂಡು ಬಂದಿದ್ದೆ. ಕಾರಿಡಾರಿನ ಆ ತುದಿಯಲ್ಲಿ ಅವರು ಕಂಡೊಡನೆ ಓಡಿದೆ. ಅಂಗೈ ಎತ್ತಿ ತಡೆದರು.

"ಅಲ್ಲೇ ನಿಂದ್ರು. ನನಗ ನೆಗಡಿ ಆಗೇತಿ."

ಅಲ್ಲಿಂದಲೇ ಭುಜ ಕುಗ್ಗಿಸಿ, ಗದ್ದಕ್ಕೆ ಇಲ್ಲದ ಬಟ್ಟಲು ಹಿಡಿದು, ಕಣ್ಣು ಮೇಲೆ ಮಾಡಿ, ಇಲ್ಲದ ಐಸನ್ನು ಈ ಕೆನ್ನೆಯಿಂದ ಆ ಕೆನ್ನೆಗೆ ಉರುಳಿಸಿದರು. ನಾನೇ! ಸರದಿಗೆ ಕುಳಿತವರೆಲ್ಲ ನಕ್ಕರು. ನಾನು ಹೊಟ್ಟೆ ಹಿಡಿದುಕೊಂಡು ನಗುವಷ್ಟರಲ್ಲಿ ಅವರಿಗೆ ಸೀನು ಬಂತು. ಮಾಸ್ಕನ್ನು ಒತ್ತಿ ಹಿಡಿದು, ದೂರ ಹೋಗು ಎಂದು ಕೈಬೀಸುತ್ತ ಮೆಟ್ಟಿಲಿಳಿದರು.