ಮೇಸ್ತ್ರಿ ಬರೆದ ಕುರಿ

ಮೊನ್ನೆ ಪಕ್ಕದ ಮನೆಯಾಕೆ ತುಳಸಿಕಟ್ಟೆಗೆ ಕೆಮ್ಮಣ್ಣು ಬಳಿಯುತ್ತಿದ್ದರು. ಆ ಒದ್ದೆ ಮಣ್ಣಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನಂಜನಗೂಡಿನ ಲಾರಿ ಆಫೀಸಿನ ಅಂಗಳ ನೆನಪಾಯಿತು... ಅಲ್ಲಿ ಹಮಾಲರ ಮೇಸ್ತ್ರಿಯೊಬ್ಬರು ಡಬ್ಬದಲ್ಲಿ ಕೆಮ್ಮಣ್ಣು ಕಲಸಿ, ಬೇವಿನ ಕಡ್ಡಿ ಅದ್ದಿ, ಮೂಟೆಗಳ ಮೇಲೆ ಗುರುತು ಬರೆಯುತ್ತಿದ್ದರು. ಅವರಿಗೆ ಅಕ್ಷರ ಬರುತ್ತಿರಲಿಲ್ಲ. ಬನ್ನೂರಿಗೆ ಹೋಗುವ ಮೂಟೆಗೆ ಕುರಿ, ಸೋಮನಾಥಪುರಕ್ಕೆ ಅಲ್ಲಿನ ಗುಡಿಯ ಜಗಲಿಯಂಥ ನಕ್ಷತ್ರ, ನನ್ನೂರು ನರಸೀಪುರಕ್ಕೆ ಅಲ್ಲಿನ ಸಂಗಮದ ಹಾಗೆ ಒಂದೆಡೆ ಕೂಡುವ ಮೂರು ಗೆರೆ. ಕುರಿ ಎಷ್ಟೋ ಸಲ ನಾಯಿಯ ಹಾಗೆ ಕಾಣುತ್ತಿತ್ತು. ಆದರೆ ಒಂದು ಮೂಟೆಯೂ ತಪ್ಪಿ ಬೇರೆ ಊರಿನಲ್ಲಿ ಇಳಿದದ್ದಿಲ್ಲ.

ತೊಂಬತ್ತರ ದಶಕದ ಕೊನೆ. ಬಿ.ಕಾಂ. ಮುಗಿಸಿ ಅಲ್ಲಿ ಟೈಪಿಸ್ಟ್ ಆಗಿ ಸೇರಿದ್ದೆ. ಟೈಪು ಕುಟ್ಟುವುದು ನನಗೆ ಬೇಕಿರಲಿಲ್ಲ. ಯಾವ ಸರಕು ಯಾವ ಲಾರಿಗೆ, ಯಾವ ದಾರಿಗೆ ಎಂದು ಹೇಳುವ ಕುರ್ಚಿ ಬೇಕಿತ್ತು. ಸಾಗಣೆ ನಿರ್ವಹಣೆಯ ಅಂಚೆ ಕೋರ್ಸಿಗೂ ಸೇರಿದ್ದೆ. "ಲಾರಿ ಓದೋ ಎಣ್ಣನ್ನ ಯಾರ್ ಮದ್ವೆ ಆಯ್ತರೆ" ಎಂದು ನಮ್ಮ ಸೋದರತ್ತೆ ಊರೆಲ್ಲ ಹೇಳಿಕೊಂಡು ಬಂದರು. ಆಗುವವನು ಆಗಲಿ, ಬಿಡುವವನು ಬಿಡಲಿ ಎಂದುಕೊಂಡೆ. ಲೋಡಿಂಗ್ ನೋಡುತ್ತಿದ್ದ ಗುಮಾಸ್ತ ಕೆಲಸ ಬಿಟ್ಟಾಗ ಮಾಲೀಕರ ಬೆನ್ನು ಬಿದ್ದು ಆ ಕೆಲಸ ಗಿಟ್ಟಿಸಿದೆ. ಒಂದು ತಪ್ಪಾದರೂ ವಾಪಸ್ ಟೈಪ್ ಮೆಷೀನಿಗೆ ಎಂಬುದು ಅವರ ಷರತ್ತು.

ತಪ್ಪು ಮೊದಲ ವಾರದಲ್ಲೇ ಆಯಿತು. ಲಾರಿ ನರಸೀಪುರ, ಸೋಮನಾಥಪುರ, ಬನ್ನೂರು ಎಂದು ಹೋಗುತ್ತದಲ್ಲ, ಅದೇ ಕ್ರಮದಲ್ಲಿ ಪಟ್ಟಿ ಬರೆದು ಅದೇ ಕ್ರಮದಲ್ಲಿ ತುಂಬಿಸಿದೆ. ಮೇಸ್ತ್ರಿ ಅಂದು ತಡವಾಗಿ ಬಂದರು. ಲಾರಿಯೊಳಗೆ ಇಣುಕಿ, ಸೊಂಟದ ಮೇಲೆ ಕೈಯಿಟ್ಟು ನಿಂತರು.

"ನರಸೀಪುರದ್ದು ಒಳಮೂಲೇಲೈತಲ್ಲವ್ವ. ಅಲ್ಲಿ ಅದ್ನ ತೆಗೆಯಾಕೆ ಬನ್ನೂರ್ದೆಲ್ಲ ರೋಡಿಗೆ ಇಳಿಸ್ಬೇಕಾ?"

ದಾರಿ ಇರುವುದೇ ಹಾಗೆ, ಪಟ್ಟಿ ಸರಿಯಾಗಿದೆ ಎಂದು ವಾದಿಸಿದೆ.

"ಕುಣೀನಾರ್ದೋಳು ನೆಲ ಡೊಂಕು ಅಂದ್ಲಂತೆ. ಕೊನೇಗ್ ಇಳಿಯೋದು ಮೊದ್ಲು ಅತ್ಬೇಕು ಕಣವ್ವ. ಇಷ್ಟೇಯ."

ಮುಂದೆ ನನ್ನ ಕೋರ್ಸಿನ ಪುಸ್ತಕ ಇದನ್ನೇ ಹೇಳಲು ಒಂದು ಇಡೀ ಅಧ್ಯಾಯ ತೆಗೆದುಕೊಂಡಿತು.

ಅರ್ಧ ಸರಕು ಅಂಗಳದಲ್ಲಿ ಹರಡಿರುವಾಗ ಮಾಲೀಕರು ಬಂದರು. ಯಾರ ತಪ್ಪು ಎಂದು ಕೇಳಿದರು. ನನ್ನದು ಎಂದೆ. ನಾಳೆಯಿಂದ ಮತ್ತೆ ಟೈಪ್ ಮೇಜಿನ ಮುಂದೆ ಕೂರು ಎಂದರು. ಕಣ್ಣು ತುಂಬಿ ಬಂತು. ಎಲ್ಲರೆದುರು ಅಳಬಾರದೆಂದು ಹಲ್ಲು ಕಚ್ಚಿದೆ.

ಮೇಸ್ತ್ರಿ ಹೆಗಲ ಮೇಲಿನ ಮೂಟೆ ಕೆಳಗಿಟ್ಟರು. "ಅಂಗಾದ್ರೆ ನಾಳಿಂದ ನಾವೂ ಮೇಜ್ ಮುಂದೇನೇ ಕೂತ್ಕತೀವಿ ಸಾ. ಈ ಮಗ ಇವತ್ ಕಲ್ತದೆ. ಒಸಬನ್ನ ತಂದ್ರೆ ಅವ್ನೂ ಒಂದ್ಸಲ ಕೆಡಿಸ್ಬೇಕು, ನಾವು ಇನ್ನೊಂದ್ಸಲ ಇಳಿಸ್ಬೇಕು."

ಉಳಿದ ಹಮಾಲರೂ ಒಬ್ಬೊಬ್ಬರಾಗಿ ಮೂಟೆಗಳ ಮೇಲೆ ಕೂತರು. ಮಾಲೀಕರು ಗಡಿಯಾರ ನೋಡಿಕೊಂಡು, ಏನಾದರೂ ಮಾಡಿಕೊಂಡು ಸಾಯಿರಿ ಎಂದು ಒಳಗೆ ಹೋದರು. ಕುರ್ಚಿ ನನಗೇ ಉಳಿಯಿತು.

ಐದಾರು ವರ್ಷಗಳಲ್ಲಿ ನಾನು ಅಲ್ಲಿಯೇ ಸಾಗಣೆ ಮ್ಯಾನೇಜರ್ ಆದೆ. ಆಗ ದೊಡ್ಡ ಗಿರಾಕಿಯೊಬ್ಬರು, ಸರಕಿಗೆ ಅಚ್ಚಾದ ಚೀಟಿಯನ್ನೇ ಅಂಟಿಸಬೇಕು, ಓದು ಬಾರದವರು ಮುಟ್ಟಬಾರದು ಎಂದು ಪಟ್ಟು ಹಿಡಿದರು. ಮೇಸ್ತ್ರಿಯನ್ನು ತೆಗೆಯುವ ಕಾಗದಕ್ಕೆ ನನ್ನ ಸಹಿ ಬೇಕಿತ್ತು. ಹಾಕುವುದಿಲ್ಲ ಎಂದೆ. ನೀನೂ ಹೋಗಬೇಕಾದೀತು ಎಂದರು ಮಾಲೀಕರು. ಹೋಗುತ್ತೇನೆ ಎಂದೆ. ಸೋಮವಾರ ಗಿರಾಕಿಯ ಎದುರೇ ಇತ್ಯರ್ಥ ಎಂದಾಯಿತು. ನಮ್ಮ ಜಗಳ ಅಂಗಳದವರೆಗೂ ಕೇಳಿಸಿತ್ತು. ಭಾನುವಾರವೆಲ್ಲ ಏನೇನು ಹೇಳಬೇಕೆಂದು ಬಾಯಿಪಾಠ ಮಾಡಿದೆ.

ಸೋಮವಾರ ಮೇಸ್ತ್ರಿ ಬರಲೇ ಇಲ್ಲ. ಹೆಮ್ಮರಗಾಲದ ಅವರ ಮನೆಗೆ ಹುಡುಕಿಕೊಂಡು ಹೋದೆ. ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು.

"ಸೊಂಟ ನೋವು ಕಣವ್ವ. ಸಾಕು."

ಸುಳ್ಳು. ಶನಿವಾರವಷ್ಟೇ ಅವರು ಎರಡು ಲಾರಿ ತುಂಬಿಸಿದ್ದರು. ನಾನು ಬಾಯಿಗೆ ಬಂದಂತೆ ಬೈದೆ. ಅವರು ಮೊರದಿಂದ ತಲೆ ಎತ್ತಲಿಲ್ಲ. "ನಿನ್ ಕುರ್ಚಿ ಓಗ್ಬಾರ್ದು" ಎಂದಷ್ಟೇ ಅಂದರು...

ಅವರು ತೀರಿಕೊಂಡು ಬಹಳ ವರ್ಷಗಳಾದವು. ಓದು ಬಾರದ ಹಮಾಲರನ್ನು ತೆಗೆಯಿರಿ ಎಂಬ ಕಾಗದ ಈಗಲೂ ಆಗಾಗ ನನ್ನ ಮೇಜಿಗೆ ಬರುತ್ತದೆ. ನಾನು ಸಹಿ ಹಾಕುವುದಿಲ್ಲ. ಬೇಕಾದರೆ ನನ್ನನ್ನೇ ತೆಗೆಯಿರಿ ಎನ್ನುತ್ತೇನೆ. ಇಲ್ಲಿಯವರೆಗೆ ಯಾರೂ ತೆಗೆದಿಲ್ಲ. ಅಂಥ ಜಗಳಗಳನ್ನೆಲ್ಲ ಗೆದ್ದಿದ್ದೇನೆ. ಅವರಿಗಾಗಿ ಆಡಬೇಕಿದ್ದ ಒಂದನ್ನು ಮಾತ್ರ ಆ ಮನುಷ್ಯ ಆಡಗೊಡಲಿಲ್ಲ. ಅದೊಂದಕ್ಕೆ ಅವರ ಮೇಲೆ ನನಗೆ ಇನ್ನೂ ಸಿಟ್ಟಿದೆ.