ಟಿಚ್ ಬಟನ್ನಿನ ಕಾಗುಣಿತ

ಕೊಟ್ಟೂರಿನ ರೈಲು ನಿಲ್ದಾಣದ ಹಿಂದಿನ ಓಣಿಯಲ್ಲಿ ಇನ್ನೂ ನಸುಗತ್ತಲು. ಶಿವಗಂಗಾ ಪಡಸಾಲೆ ಗುಡಿಸಿ, ಹೊಲಿಗೆ ಯಂತ್ರದ ಮೇಲಿನ ಹಳೆಯ ಸೀರೆಯ ಹೊದಿಕೆ ತೆಗೆಯುವಷ್ಟರಲ್ಲಿ ಬಾಗಿಲಲ್ಲಿ ಮೊದಲ ಮಗು ಬಂದು ನಿಂತಿರುತ್ತದೆ. ಕಣ್ಣಲ್ಲಿ ನಿದ್ದೆ, ಕೈಯಲ್ಲಿ ಅರ್ಧ ತಿಂದ ಬಿಸ್ಕೀಟು. ಹಿಂದೆ ನಿಂತ ತಾಯಿ ಊಟದ ಡಬ್ಬಿ ಹಿಡಿದು ಶೇಂಗಾ ಮಿಲ್ಲಿಗೆ ಹೊರಟವಳು.

"ಅಕ್ಕಾ, ಮಾರಿ ತೊಳದಿಲ್ಲ ಇವಳು."

"ಇರ್ಲಿ ಬಿಡವ್ವ. ಇಲ್ಲೇ ತೊಳಕೊಂತಾಳ. ನೀ ಹೋಗು, ಹೊತ್ತಾಗತೈತಿ."

ಮಗು ಮುಖ ತೊಳೆದು ಬಂದ ಮೇಲೆ ಶಿವಗಂಗಾ ಕೊರಳಲ್ಲಿನ ಟೇಪು ತೆಗೆದು ಅದರ ಭುಜದಿಂದ ಮಣಿಕಟ್ಟಿನವರೆಗೆ ಹಿಡಿಯುತ್ತಾರೆ. "ನಿನ್ನ ಕೈ ಎಷ್ಟು ಉದ್ದ ಐತಿ ನೋಡು. ನಂಗ ಕಣ್ಣು ಕಾಣವಲ್ಲದು, ನೀನ ಹೇಳು." ಮಗು ಟೇಪಿನ ಮೇಲೆ ಬೆರಳಿಟ್ಟು ತಡವರಿಸುತ್ತದೆ. "ಒಂದು ಐತಿ... ಅದರ ಮಗ್ಗಲಕ ನಾಕು ಐತಿ." "ಹಂಗಾರ ಹದಿನಾಕು ಅನ್ನು." "ಹದಿನಾಕು." ಅಲ್ಲಿಗೆ ಆ ದಿನದ ಗಣಿತ ಶುರುವಾಯಿತು. ಇವತ್ತು ಕೈ, ನಾಳೆ ಕಾಲು, ನಾಡಿದ್ದು ಓಣಿಯ ನಾಯಿಮರಿಯ ಬಾಲ. ಅಂಗನವಾಡಿ ಬಾಗಿಲು ತೆರೆಯುವ ತನಕ ಪಡಸಾಲೆಯ ತುಂಬ ಇಂಥ ಪುಟ್ಟ ಅಳತೆಗಾರರು.

ಹೊರಗೆ ತೂಗುಹಾಕಿದ ತಗಡಿನ ಮೇಲೆ ಬರೆದಿರುವುದು ಇಷ್ಟೇ: 'ಇಲ್ಲಿ ಲೇಡೀಸ್ ಬಟ್ಟೆ ಹೊಲಿಯಲಾಗುತ್ತದೆ. ಸೀರೆಗೆ ಫಾಲ್ ಹಚ್ಚಲಾಗುತ್ತದೆ.' ಮಕ್ಕಳ ಸುದ್ದಿ ಅದರಲ್ಲಿಲ್ಲ. ಶಾಲೆ ಎಂದರೆ ಶಿವಗಂಗಾ ನಕ್ಕುಬಿಡುತ್ತಾರೆ.

"ಸಾಲಿ ಅಲ್ರಿ ಇದು. ಸಾಲಿ ಅಂದ್ರ ಹುಡುಗ್ರು ಓಡಿ ಹೋಗ್ತಾವ. ನಾ ಹೊಲೀತೀನಿ, ಅವು ಆಡ್ತಾವ. ಆಡ್ಕೊಂತ ಆಡ್ಕೊಂತ ಏನರ ತಲಿಯಾಗ ಉಳಕೊಂತು ಅಂದ್ರ ಅದು ಅವುಗಳ ಗಳಿಕಿ."

ಇದಕ್ಕಾಗಿ ಅವರು ಯಾರ ಹತ್ತಿರವೂ ಏನೂ ಕೇಳಿದ್ದಿಲ್ಲ. ಸಂಜೆ ಮರಳುವ ತಾಯಂದಿರು ಮಡಿಲಲ್ಲಿ ಒಂದಿಷ್ಟು ಹಸಿ ಶೇಂಗಾಕಾಯಿಯೋ, ಹೆಸರುಕಾಯಿಯೋ ತಂದು ಯಂತ್ರದ ಪಕ್ಕ ಸುರಿದು ಹೋಗುತ್ತಾರೆ. ಮರುದಿನ ಬೆಳಿಗ್ಗೆ ಅದೇ ಕಾಯಿಗಳು ಕೂಡುವ ಲೆಕ್ಕಕ್ಕೂ ಕಳೆಯುವ ಲೆಕ್ಕಕ್ಕೂ ಒದಗುತ್ತವೆ. ಕಳೆಯುವ ಲೆಕ್ಕ ಮಕ್ಕಳಿಗೆ ಬಲು ಇಷ್ಟ. ಕಳೆದದ್ದು ಹೊಟ್ಟೆಗೆ ಹೋಗುತ್ತದೆ.

ಈ ಆಟದ ಬೇರು ಹುಡುಕಿದರೆ ಅದು ಅವರ ಅಪ್ಪ ಉಚ್ಚಂಗೆಪ್ಪನವರ ಹತ್ತಿರ ಹೋಗಿ ನಿಲ್ಲುತ್ತದೆ. ಅವರು ಕೊಟ್ಟೂರಿನ ಮಾರುಕಟ್ಟೆಯಲ್ಲಿ ಹಮಾಲರಾಗಿದ್ದರು. ಅಕ್ಷರ ಬಾರದು. ಸಂಜೆ ಮನೆಗೆ ಬಂದರೆ ಮೈಯಿಂದ ಶೇಂಗಾ ಸಿಪ್ಪೆಯ ಧೂಳಿನ ವಾಸನೆ, ತಲೆಗೂದಲಲ್ಲಿ ಗೋಣಿ ನಾರು. ಕೈಕಾಲು ತೊಳೆದು, ಪಡಸಾಲೆಯ ಕಲ್ಲಿನ ಮೇಲೆ ತಾವೇ ಗೀರಿದ್ದ ಚೌಕಾಬಾರದ ಮನೆಗಳ ಮುಂದೆ ಮಗಳನ್ನು ಕೂರಿಸಿಕೊಳ್ಳುತ್ತಿದ್ದರು. ಸೀಳಿದ ಹುಣಸೆ ಬೀಜಗಳೇ ದಾಳ. ಬಿದ್ದ ಬೀಜಗಳಲ್ಲಿ ಬಿಳಿ ಮೈ ಎಷ್ಟು, ಕರಿ ಮೈ ಎಷ್ಟು ಎಂದು ನೋಡಿ ಕಾಯಿ ನಡೆಸಬೇಕು.

"ನಮ್ಮಪ್ಪ ಬೇಕಂತ ತಪ್ಪು ನಡಸ್ತಿದ್ದ," ಎಂದು ಶಿವಗಂಗಾ ನೆನೆಯುತ್ತಾರೆ. "ಮೂರು ಬಿದ್ರ ನಾಕು ಮನಿ ನಡಸಾಂವ. ನಾ ಹಿಡೀಬೇಕು. ಹಿಡದ್ನಿ ಅಂದ್ರ, 'ಏ, ಇವಳ ಮುಂದ ನಂದೇನೂ ನಡಿಯಂಗಿಲ್ಲ ನೋಡಬೇ' ಅಂತ ನಮ್ಮವ್ವಗ ಹೇಳಾಂವ. ಆ ಮಾತು ಕೇಳಾಕ ನಾ ಲೆಕ್ಕ ಕಲತೆ."

ಅವ್ವ ಪಕ್ಕೀರಮ್ಮ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತ ಅಲ್ಲಿಂದಲೇ ತೀರ್ಪು ಕೊಡುತ್ತಿದ್ದರು. ಚಿಮಣಿ ಬುಡ್ಡಿಯ ಬೆಳಕು, ಕಾದ ಹಂಚಿನ ಹೊಗೆ, ಕಲ್ಲಿನ ಮೇಲೆ ಬೀಜಗಳು ಉರುಳುವ ಸದ್ದು. ಆ ಹೊತ್ತಿನ ಹಾಗಿನ ಹೊತ್ತು ಆಮೇಲೆ ತನಗೆ ಸಿಗಲಿಲ್ಲ ಎನ್ನುವಾಗ ಶಿವಗಂಗಾರ ಕಾಲು ಯಂತ್ರದ ಪೆಡಲಿನ ಮೇಲೆ ಸುಮ್ಮನೆ ನಿಲ್ಲುತ್ತದೆ.

ಹತ್ತನೆಯ ತರಗತಿಯಲ್ಲಿ ಒಳ್ಳೆಯ ಅಂಕ ಬಂದಿತ್ತು. ಪಿಯುಸಿ ಮುಗಿಸಿ ಟೀಚರ್ ಆಗುವುದು ಎಂದು ಮನೆಯಲ್ಲಿ ಮಾತಾಗಿತ್ತು, ಬಳ್ಳಾರಿಯಲ್ಲಿ ಶಿಕ್ಷಕರ ತರಬೇತಿಯ ಟಿ.ಸಿ.ಎಚ್. ಸೀಟೂ ಸಿಕ್ಕಿತು. ಸೇರುವ ತಿಂಗಳಲ್ಲೇ ಮಾರುಕಟ್ಟೆಯಲ್ಲಿ ಚೀಲದ ಅಟ್ಟಿ ಜಾರಿ ಉಚ್ಚಂಗೆಪ್ಪನವರ ಸೊಂಟದ ಮೇಲೆ ಬಿತ್ತು. ಅವರು ಮತ್ತೆ ಭಾರ ಎತ್ತಲಿಲ್ಲ. ಪಕ್ಕೀರಮ್ಮ ಕೂಲಿಗೆ ಹೊರಟರು. ಮಗಳು ಬಳ್ಳಾರಿಯ ಬಸ್ಸು ಹತ್ತುವ ಬದಲು ಊರಲ್ಲೇ ಹೊಲಿಗೆ ತರಬೇತಿಗೆ ಸೇರಿದಳು. ತರಬೇತಿ ಮುಗಿಸಿದವರಿಗೆ ಕೊಟ್ಟ ಯಂತ್ರವೇ ಇವತ್ತಿಗೂ ಪಡಸಾಲೆಯಲ್ಲಿದೆ.

"ಅಪ್ಪ ಹಾಸಿಗಿ ಮ್ಯಾಲಿಂದ ನನ್ನ ನೋಡಿ ಅಳ್ತಿದ್ದ. 'ನಿನ್ನ ಟೀಚರ್ ಮಾಡಾಕ ಆಗ್ಲಿಲ್ಲಬೇ' ಅಂತ. ನಾ ಮಷಿನ್ ತುಳೀತಿದ್ದೆ. ಸಪ್ಪಳದಾಗ ಇಬ್ರದೂ ಅಳು ಕೇಳ್ತಿರ್ಲಿಲ್ಲ."

ಗೂಡ್ಸ್ ಆಟೋ ಓಡಿಸುವ ಭೀಮರಾಜರ ಜೊತೆ ಮದುವೆಯಾಯಿತು. ಕ್ರಾಂತಿ ಹುಟ್ಟಿದಳು. ಈ ಕಥೆಯ ತಿರುವು ಇರುವುದು ಆ ಮಗಳಿಗೆ ನಾಲ್ಕು ತುಂಬಿ ಐದಕ್ಕೆ ಬಿದ್ದಾಗ. ಕ್ರಾಂತಿ ಕಾಗುಣಿತವನ್ನು ಹಾಡಿನಂತೆ ಹೇಳುತ್ತಿದ್ದಳು. ಕ ಕಾ ಕಿ ಕೀ ಎಂದು ಶುರುವಾದರೆ ಕಃ ಮುಟ್ಟುವ ತನಕ ಉಸಿರು ತೆಗೆದುಕೊಳ್ಳುತ್ತಿರಲಿಲ್ಲ. ಆದರೆ ನಡುವಿನ 'ಕು' ಒಂದನ್ನೇ ಬರೆದು ತೋರಿಸಿದರೆ ಅವಳಿಗೆ ಗುರುತು ಸಿಗದು. ಮತ್ತೆ ಮೊದಲಿನಿಂದ ಹಾಡಿಕೊಂಡು ಅಲ್ಲಿಯ ತನಕ ನಡೆದು ಬರಬೇಕು.

ಒಂದು ಮಧ್ಯಾಹ್ನ ಶಿವಗಂಗಾ ಕುಪ್ಪಸಕ್ಕೆ ಟಿಚ್ ಬಟನ್ ಹಚ್ಚುತ್ತಿದ್ದರು. ಕ್ರಾಂತಿ ಪಕ್ಕದಲ್ಲಿ ಕೂತು, ಹಚ್ಚಿದ ಬಟನ್ನುಗಳನ್ನು ಬಿಚ್ಚಿ ಬಿಚ್ಚಿ ಒತ್ತುತ್ತಿದ್ದಳು. ಟಿಚ್. ಬಿಚ್ಚುವುದು. ಮತ್ತೆ ಟಿಚ್. ಬೈಯಬೇಕೆಂದು ಬಾಯಿ ತೆರೆದ ತಾಯಿಗೆ, ಅಕ್ಷರವನ್ನೂ ಹೀಗೆ ಬಿಚ್ಚಿ ಒತ್ತಬಹುದಲ್ಲ ಎಂದು ಹೊಳೆಯಿತು. ಆ ದಿನ ಯಾರದೋ ಕುಪ್ಪಸ ಅಲ್ಲಿಗೇ ನಿಂತಿತು. ಚೂರು ಬಟ್ಟೆಯ ಗಂಟು ಬಿಚ್ಚಿ, ಎರಡು ಪದರಿನ ನಡುವೆ ಕ್ಯಾನ್ವಾಸ್ ಇಟ್ಟು, ದೊಡ್ಡದೊಂದು 'ಕ' ಕತ್ತರಿಸಿದರು. ಅದರ ತಲೆಕಟ್ಟನ್ನು ಬೇರೆಯೇ ತುಂಡು ಮಾಡಿದರು. ಕೊಂಬು, ಗುಡಿಸು, ದೀರ್ಘ ಎಲ್ಲವನ್ನೂ ಬಿಡಿಬಿಡಿಯಾಗಿ ಹೊಲಿದು ಒಂದೊಂದಕ್ಕೂ ಬಟನ್ ಹಚ್ಚಿದರು. ತಲೆಕಟ್ಟು ಬಿಚ್ಚಿ ಗುಡಿಸು ಒತ್ತಿದರೆ 'ಕಿ'. ತಲೆಕಟ್ಟಿರಲಿ, ಬಲಕ್ಕೆ ಕೊಂಬು ಒತ್ತಿದರೆ 'ಕು'. ಕೊಂಬು ಕಿತ್ತು 'ಗ'ಕ್ಕೆ ಒತ್ತಿದರೆ ಅದೇ ಕೊಂಬು 'ಗು' ಆಗುತ್ತದೆ.

"ಒತ್ತಕ್ಷರಕ್ಕ ಅಂತೂ ಏನೂ ಹೇಳಿಕೊಡೋದ ಬ್ಯಾಡ ಆತು ನೋಡ್ರಿ. ಕೆಳಗ ಇಟ್ಟು ಒತ್ತು ಅಂದ್ರ ಒತ್ತು ಕೂತ್ಕೊಂತು. ಅಕ್ಕ ಅನ್ನಾಕ ಒಂದು ಒತ್ತು, ಅಪ್ಪ ಅನ್ನಾಕ ಒಂದು ಒತ್ತು. ತಾನ ಒತ್ತಿ ತಾನ ನಗ್ತಿದ್ಲು."

ಕ್ರಾಂತಿ ಈಗ ಹಡಗಲಿ ತಾಲ್ಲೂಕಿನಲ್ಲಿ, ಮೈಲಾರದ ಕಡೆಯ ಹಳ್ಳಿಯೊಂದರಲ್ಲಿ ಸಮುದಾಯ ಆರೋಗ್ಯ ಅಧಿಕಾರಿ. "ಅವ್ವ ನನ್ನ ಜೋಡಿ ಆಡ್ತಾಳ ಅಂತನ ತಿಳಕೊಂಡಿದ್ದೆ. ಒಂದನೇ ಕ್ಲಾಸಿಗೆ ಹೋದಮ್ಯಾಲೆ ಗೊತ್ತಾತು, ಅದಕ್ಕ ಪಾಠ ಅಂತಾರ ಅಂತ," ಎನ್ನುತ್ತಾಳೆ ಆಕೆ. ಮಗಳ ಸುತ್ತ ಓಣಿಯ ಮಕ್ಕಳು ಸೇರಿದರು, ಅವರ ಹಿಂದೆ ಅವರ ತಮ್ಮ ತಂಗಿಯರು. ಮಗಳು ದೊಡ್ಡವಳಾಗಿ ಹೋದರೂ ಪಡಸಾಲೆ ಖಾಲಿಯಾಗಲಿಲ್ಲ.

ಈ ಮಕ್ಕಳಲ್ಲಿ ಅರ್ಚನಾಳ ವಿಷಯ ಬೇರೆ. ಆಕೆಯ ಅಜ್ಜಿ ನಾಗಲಿಂಗಮ್ಮ ಬಜಾರದ ದೊಡ್ಡ ಮನೆಯವರು. ಮಗ ಅಮರೇಶ್ ಗೊಬ್ಬರದ ಅಂಗಡಿ ನಡೆಸುತ್ತಾರೆ. ನಾಗಲಿಂಗಮ್ಮನವರ ಕುಪ್ಪಸ ಹೊಲಿಯುವುದು ಬಹಳ ವರ್ಷಗಳಿಂದ ಶಿವಗಂಗಾರೇ. ಆದರೆ ಅವರೆಂದೂ ಮೆಟ್ಟಿಲು ಹತ್ತಿದವರಲ್ಲ. ಕೆಳಗೆ ನಿಂತು ಬಟ್ಟೆಯನ್ನೂ ಅಳತೆಗೆಂದು ಹಳೆಯ ಕುಪ್ಪಸವೊಂದನ್ನೂ ಪಡಸಾಲೆಯ ಅಂಚಿಗೆ ಇಡುತ್ತಿದ್ದರು. ಬಜಾರದ ಮನೆಗಳವರು ಈ ಕೇರಿಯ ಟೇಪನ್ನು ಮೈಗೆ ತಾಗಿಸಿಕೊಳ್ಳುತ್ತಿರಲಿಲ್ಲ. ಇಬ್ಬರಿಗೂ ಅದು ಗೊತ್ತಿತ್ತು, ಇಬ್ಬರೂ ಅದನ್ನು ಬಾಯಿಬಿಟ್ಟು ಆಡುತ್ತಿರಲಿಲ್ಲ.

ಕೊರೋನಾ ಕಳೆದು ಶಾಲೆಗಳು ತೆರೆದ ವರ್ಷ ಅರ್ಚನಾ ಯುಕೆಜಿಯಲ್ಲಿದ್ದಳು. ಇಂಗ್ಲಿಷಿನ ಸಣ್ಣಕ್ಷರದ ಬಿ ಮತ್ತು ಡಿ ಅವಳಿಗೆ ಎಷ್ಟು ಮಾಡಿದರೂ ಅದಲುಬದಲು. ತಪ್ಪಾದೀತೆಂಬ ಹೆದರಿಕೆಗೆ ಬರೆಯುವುದನ್ನೇ ಬಿಟ್ಟಳು. ಆಮೇಲೆ ಶಾಲೆಯಲ್ಲಿ ಮಾತೂ ನಿಂತಿತು. ತರಗತಿ ತುಂಬ ಮಕ್ಕಳಿದ್ದ ಮಿಸ್ಸು ತಾನೇ ಏನು ಮಾಡಬೇಕು? ಇನ್ನೊಂದು ವರ್ಷ ಅಲ್ಲೇ ಕೂರಲಿ ಎಂದರು. ಅಂಥ ದಿನಗಳಲ್ಲೊಂದು ಬೆಳಿಗ್ಗೆ ಅಜ್ಜಿಯ ಕೈ ಹಿಡಿದು ಬಂದ ಅರ್ಚನಾ, ಪಡಸಾಲೆಯಲ್ಲಿದ್ದ ಬಿದಿರು ಪುಟ್ಟಿಯ ತುಂಬ ಬಣ್ಣಬಣ್ಣದ ಬಟ್ಟೆಯ ಅಕ್ಷರ ಕಂಡವಳೇ ಕೈ ಬಿಡಿಸಿಕೊಂಡು ಮೆಟ್ಟಿಲು ಹತ್ತಿ ಒಳಗೆ ಬಂದುಬಿಟ್ಟಳು.

"ಅರ್ಚನಾ, ಈ ಕಡಿ ಬಾ," ಎಂದರು ನಾಗಲಿಂಗಮ್ಮ. ಮಗುವಿಗೆ ಕೇಳಿಸಲಿಲ್ಲ.

"ಕರೀಬೇಕೋ, ಕಳಸ್ಬೇಕೋ ನಂಗ ತಿಳೀಲಿಲ್ಲ," ಎಂದು ಶಿವಗಂಗಾ ಆ ಗಳಿಗೆಯನ್ನು ಹೇಳುತ್ತಾರೆ. "ತಲಿ ಬಗ್ಗಿಸಿ ಹೊಲಕೊಂತ ಕುಂತೆ."

ಮಗು ಪುಟ್ಟಿಯಿಂದ ಹೂವಿನ ಬಟ್ಟೆಯ ಇಂಗ್ಲಿಷ್ ಅಕ್ಷರವೊಂದನ್ನು ಎತ್ತಿತು. ಶಿವಗಂಗಾ ಮೆಲ್ಲಗೆ ಹೇಳಿದರು: "ಹೂವು ಕಾಣತಾವಲ್ಲ, ಅದು ಸೀದಾ. ಅದು ಬಿ. ಹೊಳ್ಳಿಸು ನೋಡನ. ಹೂವು ಹೋದ್ವು. ಈಗ ಉಲ್ಟಾ. ಅದು ಡಿ." ಅರ್ಚನಾ ಬಟ್ಟೆಯನ್ನು ತಿರುಗಿಸಿದಳು. ಮತ್ತೆ ತಿರುಗಿಸಿದಳು. "ಎರಡೂ ಒಂದೇನಾ?" ಎಂದಳು. "ಒಂದ ಬಟ್ಟಿ ನೋಡವ್ವ. ಮಗ್ಗಲು ಬದಲಿಸಿ ಮಲಗೇತಿ." ಹುಡುಗಿ ಬಿ ಎಂದಳು, ಡಿ ಎಂದಳು, ದನಿ ಏರಿಸಿ ಬಿ ಎಂದಳು. ಮೊಮ್ಮಗಳ ದನಿ ಕೇಳಿ ನಾಗಲಿಂಗಮ್ಮ ಮೆಟ್ಟಿಲ ಕೆಳಗಿನಿಂದಲೇ ಕೇಳಿದರು:

"ನಾಳಿಯಿಂದ ಇವಳನ್ನ ಕಳಸ್ಲೇನು?"

"ಕಳಸ್ರಿ ಅಮ್ಮಾರ. ಆದ್ರ ಇಲ್ಲಿ ಹುಡುಗ್ರೆಲ್ಲ ಒಂದ ಗಂಗಾಳದಾಗ ಮಂಡಕ್ಕಿ ತಿಂತಾವ. ಮೊದ್ಲ ಹೇಳೀನಿ, ಗೊತ್ತಿರಲಿ."

ನಾಗಲಿಂಗಮ್ಮ ಮೊಮ್ಮಗಳ ಕೈ ಹಿಡಿದು ಹೊರಟರು. ಮರುದಿನ ಬರಲಿಲ್ಲ. ಆ ವಾರವೂ ಬರಲಿಲ್ಲ. ತಾನು ಬಾಯಿ ಮುಚ್ಚಿಕೊಂಡಿದ್ದರೆ ಮಗುವಿಗೆ ಕಲಿಯಲು ಸಿಗುತ್ತಿತ್ತಲ್ಲ ಎಂದು ಶಿವಗಂಗಾರಿಗೆ ಒಂದು ಮನಸ್ಸು. ಯಾಕೆ ಮುಚ್ಚಿಕೊಳ್ಳಬೇಕಿತ್ತು ಎಂದು ಇನ್ನೊಂದು. ಭೀಮರಾಜ ಮಾತ್ರ, "ಹೇಳಿದ್ದು ಸುಳ್ಳೇನಲ್ಲಲ್ಲ, ಸುಮ್ಮಕಿರು," ಎಂದರು.

ಮುಂದಿನ ಸೋಮವಾರ ಬೆಳಿಗ್ಗೆ ಅಜ್ಜಿ, ಮೊಮ್ಮಗಳು ಇಬ್ಬರೂ ಬಂದರು. ನಾಗಲಿಂಗಮ್ಮನವರ ಕೈಯಲ್ಲಿ ಮಂಡಕ್ಕಿಯ ದೊಡ್ಡ ಪೊಟ್ಟಣ. ಮೆಟ್ಟಿಲ ಹತ್ತಿರ ಒಂದು ಕ್ಷಣ ನಿಂತರು. ಆಮೇಲೆ ಸೀರೆಯ ನಿರಿಗೆ ಎತ್ತಿ ಹಿಡಿದು, ಮೊಣಕಾಲು ನೋವಿಗೆ ಕಂಬ ಹಿಡಿದು, ಹತ್ತಿ ಬಂದು ಚಾಪೆಯ ಮೇಲೆ ಕೂತರು. "ಗಂಗಾಳ ತಗೊಂಬಾ," ಎಂದರು.

ಅರ್ಚನಾ ಈಗ ದೊಡ್ಡ ತರಗತಿಗಳ ಹುಡುಗಿ. ಪೇಪರು ಓದಿ ಅಜ್ಜಿಗೆ ಸುದ್ದಿ ಹೇಳುತ್ತಾಳಂತೆ, ತನಗೆ ಬೇಡವಾದದ್ದನ್ನು ನಡುವೆ ಬಿಟ್ಟು. ಇನ್ನೊಂದು ಸಂಗತಿಯನ್ನು ಶಿವಗಂಗಾ ದನಿ ತಗ್ಗಿಸಿ ಹೇಳುತ್ತಾರೆ. ಹೋದ ವರ್ಷ ಮನೆಯ ಮದುವೆಯೊಂದಕ್ಕೆ ಕುಪ್ಪಸ ಹೊಲಿಸಲು ಬಂದ ನಾಗಲಿಂಗಮ್ಮ ಅಳತೆಯ ಕುಪ್ಪಸ ತಂದಿರಲಿಲ್ಲ. ಎರಡೂ ತೋಳು ಅಗಲಿಸಿ ಎದುರಿಗೆ ನಿಂತು, "ಮೈ ಇಳದೈತಿ ಶಿವಗಂಗಾ, ಹಳೇದು ಬರಂಗಿಲ್ಲ. ಟೇಪು ಹಿಡಿ," ಎಂದರು. ಶಿವಗಂಗಾ ಒಂದೇ ಅಳತೆಯನ್ನು ಎರಡು ಸಲ ತೆಗೆಯಬೇಕಾಯಿತಂತೆ.

ಇಷ್ಟು ಹೇಳಿ ಶಿವಗಂಗಾ ಮತ್ತೆ ಯಂತ್ರಕ್ಕೆ ಕೂತಾಗ, ಬಾಗಿಲಲ್ಲಿ ಬೈಕ್ ನಿಲ್ಲಿಸಿ ಯುವಕನೊಬ್ಬ ಬರುತ್ತಾನೆ. ಹೆಸರು ಸಂಜೀವ, ಹಗರಿಬೊಮ್ಮನಹಳ್ಳಿಯ ಬ್ಯಾಂಕಿನಲ್ಲಿ ಕೆಲಸ. ನೆಂಟರ ಮನೆಗೆ ಬಂದವನಿಗೆ ಹೊಸ ಪ್ಯಾಂಟಿನ ಕಾಲು ಮಡಚಿ ಹೊಲಿಸಬೇಕಾಗಿದೆ. ಶಿವಗಂಗಾ ಅವನ ಮುಖವನ್ನು ತುಸು ಹೆಚ್ಚೇ ಹೊತ್ತು ನೋಡುತ್ತಾರೆ. ಅವನು ಚಾಪೆಯ ಮೇಲೆ ಹರಡಿದ ಅಕ್ಷರಗಳನ್ನೂ ಮಕ್ಕಳನ್ನೂ ನೋಡಿ ನಗುತ್ತಾನೆ.

"ಹುಡುಗ್ರಿಗೂ ಹೇಳಿಕೊಡ್ತೀರೇನ್ರಿ? ಛಲೋ ಮಾಡೀರಿ. ನಾವು ಸಣ್ಣವರಿದ್ದಾಗ ಇಂಥವೆಲ್ಲ ಇರ್ಲಿಲ್ಲ ನೋಡ್ರಿ."

"ಹೌದಪ್ಪ," ಎಂದು ಶಿವಗಂಗಾ ದಾರ ಹರಿಯುತ್ತಾರೆ.

ಅವನು ಹೋದ ಮೇಲೆ ಅವರು ಹೇಳುತ್ತಾರೆ: ಕ್ರಾಂತಿಯ ಜೊತೆ ಇದೇ ಪಡಸಾಲೆಯಲ್ಲಿ ಕೂತು ಆಡಿದ ಮೊದಮೊದಲ ಮಕ್ಕಳಲ್ಲಿ ಅವನೂ ಒಬ್ಬ. ಒಂದನೆಯ ತರಗತಿಗೆ ಮುಂಚೆಯೇ ಮನೆಯವರು ಊರು ಬಿಟ್ಟರು. 'ಸ'ಕ್ಕೆ ಸೊನ್ನೆ ಒತ್ತಿ ತನ್ನ ಹೆಸರಿನ ಮೊದಲಕ್ಷರ ಮಾಡಿದ ದಿನ ಓಣಿಯ ತುಂಬ ಓಡಾಡಿ ತೋರಿಸಿ ಬಂದಿದ್ದ. ಹಾಗಾದರೆ ಅವನಿಗೆ ಹೇಳಬಹುದಿತ್ತಲ್ಲ ಎಂದರೆ ಶಿವಗಂಗಾ ತಲೆ ಅಲ್ಲಾಡಿಸುತ್ತಾರೆ.

"ಯಾಕ ಹೇಳಬೇಕ್ರಿ? ನಡಿಯಾಕ ಯಾರು ಕಲಿಸಿದ್ರು ಅಂತ ನಿಮಗ ನೆನಪೈತೇನು? ಇದೂ ಹಂಗ. ಹುಟ್ಟಿದಾಗಿಂದ ತನಗ ಓದು ಬರ್ತಿತ್ತು ಅಂತ ತಿಳಕೊಂಡಾನ ಆ ಹುಡುಗ. ಅಂದ್ರ ಅಷ್ಟು ಮೆತ್ತಗ ಕಲಿಸೀನಿ ಅಂದಂಗಾತಲ್ಲ."