ಬರ್ಗರ್‌ನವನ ಭಾವ

ಬನ್ನಣ್ಣನ ಹೊಟ್ಟೆಕಿಚ್ಚಿಗೆ ಕಡ್ಡಿ ಗೀರಿದವರು ಬೇರೆ ಯಾರೂ ಅಲ್ಲ, ಅವನ ಬನ್ ತಿಂದವರೇ. ಇಪ್ಪತ್ತು ವರ್ಷದಿಂದ ಆ ಬೀದಿಯಲ್ಲಿ ಬೇಕರಿ ಇಟ್ಟಿದ್ದ ಮನುಷ್ಯ. ಹೆತ್ತವರು ಇಟ್ಟ ಹೆಸರು ಯಾರಿಗೂ ನೆನಪಿರಲಿಲ್ಲ, ಬೀದಿಗೆಲ್ಲ ಅವನು ಬನ್ನಣ್ಣ. ಅದೇ ಅವನಿಗೆ ದೊಡ್ಡ ಪದವಿ. ತಂಗಿಯ ಗಂಡ ಎದುರುಗಡೆ ನಾಲ್ಕು ಮೇಜು ಹಾಕಿ ಬರ್ಗರ್ ಅಂಗಡಿ ತೆರೆದಾಗ, "ಬನ್ ನಂದೇ ತಗೋ, ಬೇರೆ ಕಡೆ ಹೋದ್ರೆ ಕಾಲು ಮುರೀತೀನಿ" ಎಂದವನೂ ಅವನೇ.

ವ್ಯಾಪಾರ ಕುದುರಿತು. ನಾಲ್ಕು ಮೇಜು ಹನ್ನೆರಡಾಯಿತು, ಪಕ್ಕದ ಚಪ್ಪಲಿ ಅಂಗಡಿಯ ಗೋಡೆ ಒಡೆದು ಸೇರಿಸಿಕೊಂಡರು, ಭಾನುವಾರ ಬಾಗಿಲಾಚೆಗೂ ಸಾಲು. ಬನ್ನಣ್ಣ ಗಲ್ಲಾದ ಹಿಂದೆ ನಿಂತು ಆ ಸಾಲನ್ನೇ ನೋಡುತ್ತಿದ್ದ. ತಿಂದವರು ಬಾಯಿ ಒರೆಸಿಕೊಂಡು ಹೊಗಳುತ್ತಿದ್ದುದು ಒಳಗಿನ ಪ್ಯಾಟಿಯನ್ನು, ಸಾಸನ್ನು, ತಂಗಿಯ ಗಂಡನ ಕೈಗುಣವನ್ನು. ಅಲ್ಲ ಸ್ವಾಮಿ, ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದು ಏನು, ಗಾಳಿಯಾ? ಬನ್ ಬಗ್ಗೆ ಒಬ್ಬರಾದರೂ ಒಂದು ಮಾತು ಆಡಬೇಡವೇ?

ಒಂದು ದಿನ ಬ್ರೆಡ್ ಕೊಳ್ಳಲು ಬಂದ ಹೊಸ ಗಿರಾಕಿಯೊಬ್ಬಳು ಕೇಳಿದಳು: "ನೀವು ಬರ್ಗರ್‌ನವರ ಭಾವ ಅಲ್ವಾ?"

ಅಂದು ಅವನಿಗೆ ಊಟ ಸೇರಲಿಲ್ಲ. ಇಪ್ಪತ್ತು ವರ್ಷದ ಹೆಸರನ್ನು ಆರು ವರ್ಷದ ಅಂಗಡಿ ನುಂಗಿ ನೀರು ಕುಡಿದಿತ್ತು.

ಬನ್ ಹಿಟ್ಟನ್ನು ಎರಡು ಸಲ ಉಬ್ಬಲು ಬಿಡಬೇಕು: ನಾದಿದ ಮೇಲೆ ಒಮ್ಮೆ, ಉಂಡೆ ಕಟ್ಟಿ ಒದ್ದೆ ಬಟ್ಟೆ ಮುಚ್ಚಿ ಇನ್ನೊಮ್ಮೆ. ಮರುದಿನದಿಂದ ಅವನು ಎದುರಂಗಡಿಯ ಉಂಡೆಗಳನ್ನು ಎರಡನೇ ಸಲ ಉಬ್ಬಲು ಬಿಡದೆ ಓವನ್‌ಗೆ ತಳ್ಳಿದ. ನೋಡಲು ತುಸು ಕುಳ್ಳು, ಅಷ್ಟೇ. ಕಚ್ಚಿದರೆ ಮಾತ್ರ ಬಿಗಿ, ಒಣ.

"ಭಾವ, ಬನ್ ಯಾಕೋ ಮೊದಲಿನ ಹಾಗಿಲ್ಲ," ಎಂದು ತಂಗಿಯ ಗಂಡ ತಲೆ ಕೆರೆದುಕೊಂಡ.

"ಮಿಲ್‌ನಿಂದ ಹಿಟ್ಟೇ ಸರಿ ಬರ್ತಿಲ್ಲ ಕಣಪ್ಪಾ," ಎಂದು ಬನ್ನಣ್ಣ ಬೆಣ್ಣೆಯಿಂದ ಕೂದಲು ತೆಗೆದಷ್ಟು ನಯವಾಗಿ ಹೇಳಿದ.

ಪಾಪ, ಅವನು ನಂಬಿದ. ಭಾವನನ್ನು ಬಿಟ್ಟು ಬೇರೆಯವರ ಬನ್ ತರಲು ಮನಸ್ಸು ಬರಲಿಲ್ಲ. ಸಾಸ್ ಬದಲಿಸಿದ, ಅಡುಗೆಯವನನ್ನು ಬದಲಿಸಿದ, ಬೆಲೆ ಇಳಿಸಿದ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಭಾನುವಾರದ ಸಾಲು ಕರಗಿತು, ಮೇಜುಗಳು ಒಂದೊಂದಾಗಿ ಮಾರಿಹೋದವು, ವರ್ಷ ತುಂಬುವುದರೊಳಗೆ ಅಂಗಡಿಯ ಬಾಗಿಲು ಮುಚ್ಚಿತು. ಬನ್ನಣ್ಣ ಮತ್ತೆ ಬರೀ ಬನ್ನಣ್ಣನಾದ. ಸುಳ್ಳೇಕೆ ಹೇಳಬೇಕು, ಒಳಗೊಳಗೇ ಅವನಿಗೆ ಬಲು ಖುಷಿಯಾಯಿತು.

ತಂಗಿಯ ಗಂಡ ಯಾರದೋ ವ್ಯಾನ್ ಓಡಿಸಲು ಹೋದ. ತಂಗಿಯನ್ನು ಬನ್ನಣ್ಣನೇ ಬೇಕರಿ ಕೆಲಸಕ್ಕೆ ಕರೆದುಕೊಂಡ. "ನೀನಿಲ್ಲದಿದ್ರೆ ನಮ್ಮ ಗತಿ ಏನಾಗ್ತಿತ್ತೋ, ಅಣ್ಣ," ಎಂದು ಅವಳು ಕಣ್ಣೊರೆಸಿಕೊಂಡಳು.

ಮೊದಲ ವಾರವೇ ಅವಳು ಆಗಷ್ಟೇ ಕಟ್ಟಿದ ಉಂಡೆಗಳ ಟ್ರೇ ಎತ್ತಿಕೊಂಡು ನೇರ ಓವನ್ ಕಡೆ ನಡೆದಳು.

"ಏಯ್, ಇಡು ಕೆಳಗೆ. ಇನ್ನೊಂದ್ಸಲ ಉಬ್ಬಬೇಕು."

"ಉಬ್ಬದಿದ್ರೆ?"

"ಬಿಗಿಯಾಗುತ್ತೆ. ಒಣಗಿ ಗಂಟಲಲ್ಲಿ ನಿಲ್ಲುತ್ತೆ. ಯಾರು ತಿಂತಾರೆ ಅದನ್ನ?"

ಮಾತು ಬಾಯಿಂದ ಬಿದ್ದ ಮೇಲೆ ಅವನಿಗೆ ಹೊಳೆಯಿತು. ಆ ವರ್ಷವಿಡೀ ಎದುರಂಗಡಿಯಲ್ಲಿ ಗಿರಾಕಿಗಳು ಅರ್ಧ ಕಚ್ಚಿ ಬಿಟ್ಟುಹೋದ ಬನ್ನುಗಳನ್ನು ಕಸದ ಡಬ್ಬಿಗೆ ಹಾಕಿದವಳು ಇವಳೇ. ತಂಗಿ ಟ್ರೇ ಕೆಳಗಿಟ್ಟು ಅವನ ಮುಖವನ್ನೇ ನೋಡಿದಳು. ಅವನು ಹಿಟ್ಟಿನ ಕೈ ಒರೆಸಿದ, ಮತ್ತೆ ಒರೆಸಿದ.

ಅವಳು ಕೂಗಾಡಲಿಲ್ಲ, ಕೆಲಸವನ್ನೂ ಬಿಡಲಿಲ್ಲ. ಮನೆ ನಡೆಯಬೇಕಲ್ಲ. ಉಂಡೆಗಳ ಮೇಲೆ ಒದ್ದೆ ಬಟ್ಟೆ ಹೊದಿಸಿದಳು. ಮಾತು ಬಂದಾಗಿನಿಂದ ಅಣ್ಣ ಎನ್ನುತ್ತಿದ್ದವಳು, ಅಂದು ಮೊದಲ ಸಲ ಬೀದಿಯವರ ಹಾಗೆ ಕರೆದಳು:

"ಎಷ್ಟು ಹೊತ್ತು ಬಿಡಬೇಕು, ಬನ್ನಣ್ಣ?"